ಹಸಿರಿಗೆ ಬಾಯಿ ಹಾಕದ ಕುರಿಗಳು

ನವೆಂಬರ್ 24

ತಮ್ಮಾ,

ಎಷ್ಟೋ ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸ ಇಟ್ಟುಕೊಂಡು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ನಿನ್ನ ಕುರಿಗಳನ್ನು ತಂದು ನಮ್ಮ ಬೆಳೆಯ ಮೇಲೆ ಬಿಡು.

ಕಾಗದ ಹರಿಯಬೇಡ. ಪೂರ್ತಿ ಓದು, ಆಮೇಲೆ ಹರಿ.

ನಾವು ಕೂಲಿ ಹೆಂಗಸರು ಎರಡು ವರ್ಷ ಎಸ್ಟೇಟಿನ ಗೇಟಿನ ಮುಂದೆ ಚಾಪೆ ಹಾಸಿಕೊಂಡು ಕೂತು ಈ ನೆಲವನ್ನು ಗುತ್ತಿಗೆಗೆ ಪಡೆದದ್ದು ನಿನ್ನ ಕಿವಿಗೂ ಬಿದ್ದಿರಬೇಕು. ಧಣಿ ಪಾಳು ಬಿಟ್ಟು ಹೋಗಿದ್ದ ಜಮೀನು. ಈಗ ಅದನ್ನು ನೋಡಿಕೊಳ್ಳುವ ಸರ್ಕಾರಿ ಮಂಡಳಿಯವರು ಕೊಟ್ಟರು, ಪ್ರೀತಿಯಿಂದ ಅಲ್ಲ, ನಮ್ಮ ಕಾಟ ತಡೆಯಲಾರದೆ. ಕೊಡುವಾಗ ಒಂದು ಮೊಳೆ ಹೊಡೆದೇ ಕೊಟ್ಟರು: ಮೊದಲ ಬೆಳೆ ಕಾಳಾಗಿ ಗೋದಾಮು ಸೇರಬೇಕು. ಸೇರದಿದ್ದರೆ ‘ಇವರಿಗೆ ಬೇಸಾಯ ಬರುವುದಿಲ್ಲ’ ಎಂದು ಒಂದು ಸಾಲು ಗೀಚಿ ನೆಲ ಕಿತ್ತುಕೊಳ್ಳುತ್ತಾರೆ. ಆ ಸಾಲು ಬರೆಯಲು ಅವರ ಕೈ ಈಗಲೇ ತುರಿಸುತ್ತಿದೆ.

ಬಿತ್ತಿರುವುದು ಕನೋಲಾ. ಸಾಸಿವೆಯ ಬಳಗದ ಎಣ್ಣೆಕಾಳು, ಎಲೆ ಮಾತ್ರ ಕೋಸಿನ ಹಾಗೆ ಅಗಲ. ಮಳೆ ಮುಂಚೆ ಬಂತು. ಆಸೆಗೆ ಬಿದ್ದು ನಾವೂ ಮುಂಚೆ ಬಿತ್ತಿದೆವು, ಬೀಜವನ್ನು ದಟ್ಟವಾಗಿ ಸುರಿದೆವು. ಈಗ ಒಳಗೆ ಕಾಲಿಟ್ಟರೆ ಮೊಣಕಾಲು ಮುಳುಗುತ್ತದೆ. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡುತ್ತಾರೆ. ನಮ್ಮ ಸಂಘದ ಅಧ್ಯಕ್ಷೆ, ನಾವು ಗುಡುಗಮ್ಮ ಅನ್ನುವವಳು, ಸೊಂಟಕ್ಕೆ ಕೈಕೊಟ್ಟು ಬದುವಿನ ಮೇಲೆ ನಿಂತು ಮೊಮ್ಮಗು ಹುಟ್ಟಿದವಳ ಹಾಗೆ ಹಲ್ಲು ಬಿಡುತ್ತಾಳೆ.

ಆದರೆ ಬೈರಿಗೆ ಬೇರೆ ಮಾತಾಡುತ್ತಿದೆ. ನಮ್ಮ ಹತ್ತಿರ ಉದ್ದನೆಯದೊಂದು ಬೈರಿಗೆ ಇದೆ. ತಿರುಗಿಸಿ ಇಳಿಸಿದರೆ ಸೊಂಟದಾಳದ ಮಣ್ಣನ್ನೂ ಮೇಲೆ ತರುತ್ತದೆ. ಮುಷ್ಟಿಯಲ್ಲಿ ಹಿಂಡಿ ನೋಡುತ್ತೇವೆ. ಬಿತ್ತುವಾಗ ಎಲ್ಲ ಆಳದ ಮಣ್ಣೂ ಉಂಡೆಯಾಗುತ್ತಿತ್ತು. ಈಗ ಮೊಣಕಾಲಾಳದ್ದು ಬೆರಳ ಸಂದಿಯಲ್ಲಿ ಉದುರುತ್ತದೆ. ಇನ್ನು ಮುಂದೆ ಮಳೆಯಿಲ್ಲ, ಬರೀ ಇಬ್ಬನಿ. ಕಾಯಿ ಕಟ್ಟುವುದು ಬಿಸಿಲಲ್ಲಿ. ಎಲೆ ಅಂದರೆ ಬಾಯಿ ಕಣೋ. ಇಷ್ಟು ಬಾಯಿಗಳು ಈಗಲೇ ನೆಲವನ್ನು ಹೀರಿಬಿಟ್ಟರೆ ಕಾಯಿಗೆ ಉಳಿಯುವುದೇನು, ನಮ್ಮ ಕಣ್ಣೀರಾ?

ಮಣ್ಣು ಪರೀಕ್ಷೆ ಮಾಡುವ ಮೇಡಂ ಒಬ್ಬರು ಬರುತ್ತಾರೆ. ಅವರೇ ಹೇಳಿದ್ದು: ಎಲೆ ಕಡಿಮೆ ಮಾಡಿ, ಯೂರಿಯಾ ಈಗ ಕೊಡಬೇಡಿ. ಯಂತ್ರದಲ್ಲಿ ಸವರಿದರೆ ಸುಳಿಯೂ ಹೋಗುತ್ತದೆ, ನೆಲವೂ ಗಟ್ಟಿಯಾಗುತ್ತದೆ. ಕುರಿ ಬಿಡಿ, ಎಲೆ ತಿಂದು ಸುಳಿ ಉಳಿಸುತ್ತವೆ, ಅಂದರು. ಅವರ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ನಾನು. ಬೆಳೆಗೆ ಕುರಿಯಾ! ಆಮೇಲೆ ಮೂರು ದಿನ ಮಣ್ಣು ಹಿಂಡಿ ಹಿಂಡಿ ನೋಡಿ ಈ ಕಾಗದ ಬರೆಯುತ್ತಿದ್ದೇನೆ.

ಬಾ.

ಅಕ್ಕ


ಡಿಸೆಂಬರ್ 3

ಅಕ್ಕಾ,

ನಿನ್ನ ಕಾಗದ ಉಣ್ಣೆ ಲಾರಿಯವನ ಕೈಯಲ್ಲಿ ಬಂತು. ನಿನ್ನ ತಲೆ ನೆಟ್ಟಗಿದೆಯಾ ಅಂತ ಮೊದಲು ಅವನನ್ನೇ ಕೇಳಿದೆ. ‘ಅಕ್ಷರ ನೆಟ್ಟಗಿದೆಯಪ್ಪ, ತಲೆ ವಿಷಯ ಗೊತ್ತಿಲ್ಲ’ ಅಂದ.

ಹಸಿರು ಬೆಳೆಗೆ ಕುರಿ ಬಿಡು ಅಂತ ನಮ್ಮನ್ನು ಈವರೆಗೆ ಯಾರೂ ಕರೆದಿಲ್ಲ. ಬಿಟ್ಟಿರಿ ಅಂತ ದೊಣ್ಣೆ ಹಿಡಿದು ಬಂದವರೇ ಎಲ್ಲ. ನಾನು ಹೊಲದ ಪಕ್ಕ ಹಾದುಹೋದರೆ ಸಾಕು, ಒಳಗಿಂದ ಒಬ್ಬ ಕೆಮ್ಮುತ್ತಾನೆ. ನಾನಿದ್ದೇನೆ ಅನ್ನುವ ಕೆಮ್ಮು. ಈಗ ನನ್ನ ಅಕ್ಕ ಹೊಲದ ಒಡತಿಯಾಗಿ ‘ಬಾ’ ಅನ್ನುತ್ತಾಳೆ. ಒಂದೇ ಅಕ್ಷರ. ಅಪ್ಪಣೆ ಕೊಡುವುದು ಎಷ್ಟು ಬೇಗ ಬಂತು ನಿನಗೆ!

ಅಪ್ಪನ ಎಡ ಮುಂಗೈ ಮರೆತೆಯಾ? ಧಣಿಯ ಗೋಧಿಗೆ ನಾಲ್ಕು ಕುರಿ ನುಗ್ಗಿದ್ದಕ್ಕೆ ಅವನನ್ನು ಗೇಟಿನ ಕಂಬಕ್ಕೆ ಕಟ್ಟಿ ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಲ್ಲಿಸಿದ್ದರು, ಮುಂಗೈ ಅವತ್ತೇ ತಿರುಚಿಕೊಂಡಿತು. ನಾನು ಆಗ ನಿನ್ನ ಸೊಂಟದ ಮೇಲಿದ್ದೆ, ನನಗೇನೂ ನೆನಪಿಲ್ಲ. ನಿನಗಿರಬೇಕು. ಯಾವ ಊರು, ಯಾವ ಗೇಟು ಅಂತ ನೀವಿಬ್ಬರೂ ಬಾಯಿ ಬಿಟ್ಟವರಲ್ಲ.

ಅವತ್ತಿನಿಂದ ಅಪ್ಪ ಕುರಿಗಳಿಗೆ ಆ ಸಿಳ್ಳೆ ಕಲಿಸಿದ. ಹಸಿರಿನ ಅಂಚು ಬಂದ ಕೂಡಲೇ ಉದ್ದಕ್ಕೆ ಊದುತ್ತಾನೆ, ಮುಂದಿನ ಕುರಿಯ ಮೂಗಿನ ಮುಂದೆ ಒಂದು ಕಲ್ಲು ಬೀಳುತ್ತದೆ. ತಾಯಿಯಿಂದ ಮರಿಗೆ, ಮರಿಯಿಂದ ಅದರ ಮರಿಗೆ ಇಳಿದು ಬಂದ ಪಾಠ. ಈಗಿನ ಮುಂದಾಳು ಕುರಿಯನ್ನು ನಾವು ದೊಡ್ಡಮ್ಮ ಅಂತೀವಿ. ಬೆಳೆ ಕಂಡರೆ ಕಲ್ಲು ಬೀಳುವ ಮೊದಲೇ ತಾನೇ ನಿಲ್ಲುತ್ತದೆ. ‘ನನ್ನ ಕುರಿ ಹಸಿರಿಗೆ ಬಾಯಿ ಹಾಕಲ್ಲ’ ಅಂತ ಅಪ್ಪ ಎದೆ ತಟ್ಟಿ ಹೇಳಿಕೊಳ್ಳುವುದು ಇದೊಂದೇ ಮಾತು. ಅದನ್ನೂ ಕಿತ್ತುಕೊಳ್ಳಬೇಡ.

ಇಲ್ಲಿ ಹುಲ್ಲು ಸೊಂಪಾಗಿದೆ. ನಿನ್ನ ಹೊಲದ ಹಂಗು ನಮಗಿಲ್ಲ.

ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ‘ಗೇಟು ಕಬ್ಬಿಣದ್ದಾ, ಮರದ್ದಾ ಕೇಳು. ಕಂಬ ಕಲ್ಲಿಂದಾ ಕೇಳು’ ಅಂದ. ಕುರಿ ಸಾಗಿಸೋದಕ್ಕೆ ಗೇಟು ಎಷ್ಟು ಅಗಲ ಅಂತ ಕೇಳಿದ್ದರೆ ಅರ್ಥ ಇತ್ತು. ಮುದುಕನಿಗೆ ಏನೇನೋ.

ತಮ್ಮ


ಡಿಸೆಂಬರ್ 9

ತಮ್ಮಾ,

ಒಡತಿ ಅಂತ ಬರೆದಿದ್ದೀಯ. ನನ್ನ ಚಪ್ಪಲಿಯ ಅಡಿ ನೋಡಿದ್ದರೆ ಬರೆಯುತ್ತಿರಲಿಲ್ಲ.

ಆ ಸಿಳ್ಳೆಯ ಮೇಲೆ ನಿಮಗೆ ಇಷ್ಟು ಹೆಮ್ಮೆ ಇದೆಯಲ್ಲ, ಕೇಳಿಸಿಕೋ. ಅದು ಅಪ್ಪನದ್ದಲ್ಲ, ಧಣಿಯ ಚಾಟಿ. ಅಪ್ಪನ ಬಾಯಲ್ಲಿ ಊದಿಸುತ್ತಿದ್ದಾನೆ ಅಷ್ಟೆ. ಆ ಧಣಿ ಊರು ಬಿಟ್ಟು ಹೋದ, ಅವನ ಗೋಧಿ ಹೋಯಿತು, ಚಾಟಿ ಮಾತ್ರ ನಮ್ಮ ಕುರಿಗಳ ಕಿವಿಯಲ್ಲಿ ಮರಿ ಹಾಕುತ್ತಾ ಬಂದಿದೆ. ಹಸಿದ ಪ್ರಾಣಿ ತಿನ್ನುವುದನ್ನು ಕಂಡು ನಿಂತುಬಿಡುವುದನ್ನು ನೀನು ಮರ್ಯಾದೆ ಅನ್ನುತ್ತೀಯ. ನಾನು ಹಾಗೆ ಕರೆಯಲಾರೆ.

ಬಯ್ಯುವುದು ಸಾಕು. ಕೆಲಸದ ಮಾತು. ನಿನ್ನೆ ಬೈರಿಗೆ ಇಳಿಸಿದೆವು, ತೊಡೆಯಾಳದ ಮಣ್ಣೂ ಅರ್ಧ ಉದುರಿತು. ಅದರ ಕೆಳಗೆ ಇನ್ನೂ ತಂಪಿದೆ. ಅದೇ ನಮ್ಮ ಗಂಟು. ಬೇರು ದಿನಾ ಅದರ ಕಡೆ ಇಳಿಯುತ್ತಿದೆ. ಎಲೆ ತಿನ್ನಿಸಿದರೆ ಗಿಡ ಸ್ವಲ್ಪ ದಿನ ಬಾಯಾರಿಕೆ ಮರೆಯುತ್ತದೆ, ಹೂವೂ ತಡವಾಗುತ್ತದೆ, ತಳದ ತೇವ ಕಾಯಿಗೆ ಉಳಿಯುತ್ತದೆ. ಗಿಡ ಕಿತ್ತು ಬರುವುದಿಲ್ಲ, ಹಿಡಿದು ಜಗ್ಗಿ ನೋಡಿದ್ದೇನೆ, ಎಲೆ ಹರಿಯುತ್ತದೆ, ಬೇರು ಅಲ್ಲಾಡುವುದಿಲ್ಲ.

ಸಂಘದವರೆಲ್ಲ ಒಪ್ಪಿದ್ದಾರೆ. ಪಕ್ಕದ ದೊಡ್ಡ ಹೊಲದವನ ಬೆಳೆಯೂ ಹೀಗೇ ಎದ್ದಿದೆ, ಅವನು ಯೂರಿಯಾ ಸುರಿದು ಇನ್ನೂ ಎಬ್ಬಿಸುತ್ತಿದ್ದಾನೆ.

ನಮ್ಮ ಕುರಿಗಳಲ್ಲದೆ ಬೇರೆ ಯಾರ ಕುರಿಯನ್ನು ನಾನು ನಂಬಲಿ? ಹೊರಗೆ ಬಾ ಅಂದಾಗ ಬರುವ ಕುರಿ ಬೇಕು ನನಗೆ.

ಅಕ್ಕ


ಡಿಸೆಂಬರ್ 17

ಅಕ್ಕಾ,

ಅಪ್ಪ ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಓದಿ ಮುಗಿಸಿದ ಮೇಲೆ ‘ಗೇಟಿನ ಸುದ್ದಿ ಇಲ್ವಾ?’ ಅಂದ. ಇಲ್ಲ ಅಂದೆ. ತಲೆ ಆಡಿಸಿ ಎದ್ದು ಕಂಬಳಿ ಮಡಚಲು ಶುರು ಮಾಡಿದ. ‘ನಾನು ಬರ್ತೀನಿ’ ಅಂತ ಅವನು ಹೇಳುವುದು ಹೀಗೆಯೇ.

ಅವನಿಗೆ ಓದುವಾಗ ಚಾಟಿಯ ಮಾತನ್ನು ಬಿಟ್ಟು ಓದಿದೆ. ಅದು ನಿನಗಾಗಿ ಅಲ್ಲ.

ಬಲಿತ ಕುರಿಗಳನ್ನು ಅವನ ಜೊತೆ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಗಬ್ಬದ ಕುರಿಗಳನ್ನು ನಾನು ಇಲ್ಲೇ ನೋಡಿಕೊಳ್ಳಬೇಕು. ಏನೋ ಅಕ್ಕ ಕೇಳಿದಳು ಅಂತ, ಅಷ್ಟೇ. ಬಂದ ಕೂಡಲೇ ಹೊಲಕ್ಕೆ ಅಟ್ಟಬೇಡ. ಖಾಲಿ ಹೊಟ್ಟೆಗೆ ಅಷ್ಟು ಹಸಿರು ಬಿದ್ದರೆ ಉಬ್ಬರಿಸಿ ಸಾಯುತ್ತವೆ. ಮೂರು ದಿನ ಒಣಹುಲ್ಲು ಹಾಕು, ಹೊಲಕ್ಕೆ ಬಿಟ್ಟ ಮೇಲೂ ಬದುವಿನ ಮೇಲೆ ಒಣಹುಲ್ಲು ಇರಲಿ. ಅಪ್ಪನಿಗೆ ಮನೆಯೊಳಗೆ ಹಾಸಿಗೆ ಹಾಸಬೇಡ, ಮಲಗಲ್ಲ.

ತಮ್ಮ


ಡಿಸೆಂಬರ್ 23

ತಮ್ಮಾ,

ಹುಲ್ಲು ಸೊಂಪಾಗಿದೆ ಅಂತ ನೀನು ಬರೆದಿದ್ದೆ. ಮೂರು ದಿನದ ಹಿಂದೆ ಲಾರಿಯ ಹಿಂಬಾಗಿಲು ತೆರೆದಾಗ ಇಳಿದವು ಕುರಿಗಳಾ, ಉಣ್ಣೆ ಹೊದ್ದ ಏಣಿಗಳಾ? ದೊಡ್ಡಮ್ಮನ ಬೆನ್ನು ಸವರಿದೆ, ಮೂಳೆಗಳು ಕೈಗೆ ಮಣಿಸರದಂತೆ ಸಿಕ್ಕವು. ಒಣಹುಲ್ಲಿನ ಮೇಲೆ ಬಿದ್ದ ರೀತಿ ನೋಡಿ ನಮ್ಮ ಹೆಂಗಸರು ಇನ್ನಷ್ಟು ಹೊರೆ ತರಲು ಓಡಿದರು. ಅಲ್ಲಿ ಏನಾಗಿದೆ? ಬಿಡಿಸಿ ಬರಿ.

ನಾನೂ ಒಂದು ಸುಳ್ಳು ಬರೆದಿದ್ದೆ. ಸಂಘದಲ್ಲಿ ಎಲ್ಲರೂ ಒಪ್ಪಿಲ್ಲ. ಅರ್ಧ ಜನ ಕೈ ಎತ್ತಿದರು, ಉಳಿದವರು ಎದ್ದು ಹೋದರು. ಗುಡುಗಮ್ಮ ನನ್ನ ಮುಖಕ್ಕೇ ಅಂದಳು: ‘ಎರಡು ವರ್ಷ ಚಾಪೆ ಮೇಲೆ ಕೂತು ಬೆನ್ನು ಬಾಗಿಸಿಕೊಂಡಿದ್ದು ನಿಮ್ಮಪ್ಪನ ಕುರಿಗೆ ಹೊಟ್ಟೆ ತುಂಬಿಸೋಕಾ?’ ಆಮೇಲೆ ಕಾಳು ಬರದಿದ್ದರೆ ಮೊದಲು ಜಾಗ ಖಾಲಿ ಮಾಡುವವಳು ನಾನೇ ಎಂದು ಎಲ್ಲರ ಮುಂದೆ ಒಪ್ಪಿ ಬಂದಿದ್ದೇನೆ.

ಈಗ ಕೇಳು, ನಗಬೇಡ. ಇವತ್ತು ಕುರಿಗಳನ್ನು ಬಿಡುವ ದಿನ. ಬದುವಿನವರೆಗೆ ಬಂದವು. ದೊಡ್ಡಮ್ಮ ಎಲೆ ಮೂಸಿತು, ನಿಂತಿತು. ಹಿಂದೆ ಇಡೀ ಹಿಂಡು ನಿಂತಿತು. ನಾವು ಹಿಂದಿನಿಂದ ತಳ್ಳಿದೆವು, ಸೆರಗು ಬೀಸಿದೆವು, ಒಬ್ಬಳು ಎಲೆ ಕಿತ್ತು ಬಾಯಿಗೇ ತುರುಕಿದಳು, ಉಗಿಯಿತು. ಹೊಟ್ಟೆಗಿಲ್ಲದ ಕುರಿಗಳು, ಎದುರಿಗೆ ಸಮುದ್ರದಷ್ಟು ಎಲೆ, ಒಂದೂ ಕಾಲಿಡುವುದಿಲ್ಲ. ಪಕ್ಕದ ಹೊಲದವನು ಟ್ರ್ಯಾಕ್ಟರ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಡುಗಮ್ಮ ಮಾತ್ರ, ‘ನೋಡ್ರೇ, ಕುರಿಗಿರೋ ಬುದ್ಧಿ ನಿಮಗಿಲ್ಲ’ ಅಂದಳು.

ಅಪ್ಪ ಇದ್ಯಾವುದನ್ನೂ ನೋಡಲಿಲ್ಲ. ಅವನು ಬಂದಾಗಿನಿಂದ ಗೇಟಿನ ಹತ್ತಿರವೇ ಕೂತಿದ್ದಾನೆ. ಎಡಗಡೆಯ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು.

ಹೌದು ಕಣೋ. ಅದೇ ಗೇಟು. ಅದೇ ಎಸ್ಟೇಟು. ನೀನು ಏನಂದುಕೊಂಡಿದ್ದೆಯೋ ಗೊತ್ತು: ಅಕ್ಕನಿಗೆ ಕುರಿಯ ವಾಸನೆ ಹೇಸಿಗೆಯಾಯಿತು, ನೆಲದವರ ಜೊತೆ ಸೇರಿಕೊಂಡಳು. ನಾನು ಹಿಂಡು ಬಿಟ್ಟು ಹೊರಟಿದ್ದೇ ಈ ಗೇಟಿಗೆ. ಕೂಲಿಗೆ ಸೇರಿದ್ದೂ ಇಲ್ಲೇ, ಚಾಪೆ ಹಾಸಿದ್ದೂ ಆ ಕಂಬದ ಬುಡದಲ್ಲೇ. ಅಪ್ಪನಿಗೆ ಹೇಳುವ ಧೈರ್ಯ ಸಾಲಲಿಲ್ಲ, ಹಾಗಾಗಿ ಅವನ ಪ್ರಶ್ನೆಯನ್ನು ನುಂಗಿದೆ.

ಅಕ್ಕ


ಡಿಸೆಂಬರ್ 29

ಅಕ್ಕಾ,

ಮುದುಕನನ್ನು ಅವನನ್ನೇ ಕಟ್ಟಿದ್ದ ಕಂಬದ ಹತ್ತಿರಕ್ಕೆ ಕರೆಸಿಕೊಂಡೆ. ಮುಂಚೆ ಒಂದು ಮಾತು ಹೇಳಲಿಲ್ಲ. ಹೋರಾಟಗಾರ್ತಿ ಅಂತೆ. ನಿಮ್ಮ ಹೋರಾಟಗಳಲ್ಲಿ ಮನೆಯವರನ್ನು ಕೇಳುವ ಪದ್ಧತಿ ಇಲ್ಲವೇನು?

ಇಷ್ಟು ಬರೆದು ಕಾಗದ ಎತ್ತಿಟ್ಟಿದ್ದೆ. ಆಮೇಲೆ ತಲೆಗೆ ಹೊಳೆಯಿತು. ಅಪ್ಪ ಗೇಟಿನ ವಿಷಯ ಕೇಳಿದ್ದು ನಿನ್ನ ಮೊದಲ ಕಾಗದಕ್ಕೇ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಂಬಳಿ ಮಡಚಿದ. ನಾವಿಬ್ಬರೂ ಅವನನ್ನು ಮಗು ಮಾಡಿ ಮಾತಾಡುತ್ತಿದ್ದೇವೆ.

ಇಲ್ಲಿಯ ಸುದ್ದಿ ಕೇಳಿದ್ದೀಯ. ಹುಲ್ಲುಗಾವಲಿಗೆ ಬೇಲಿ ಬಿದ್ದಿದೆ, ಮೂರು ಸಾಲು ತಂತಿ. ಹೊಳೆಯಿಂದ ದಿಬ್ಬದವರೆಗೆ. ‘ಹುಲ್ಲು ಸಂರಕ್ಷಣೆಗಾಗಿ ಪ್ರವೇಶವಿಲ್ಲ’ ಅಂತ ಹಲಗೆ ಹೊಡೆದಿದ್ದಾರೆ. ಯಾರಿಂದ ಸಂರಕ್ಷಣೆ? ನಮ್ಮಿಂದ. ನಾವು ರಸ್ತೆ ಬದಿಯ ಧೂಳು ಮೇಯಿಸುತ್ತಿದ್ದೇವೆ. ನಿನಗೆ ಹೇಳಲು ನಾಚಿಕೆಯಾಯಿತು. ನೀನು ಜಮೀನು ಗೆದ್ದವಳು, ನಾನು ಇದ್ದದ್ದನ್ನೂ ಕಳೆದುಕೊಂಡವನು.

ದೊಡ್ಡಮ್ಮನ ವಿಷಯ. ಅದನ್ನು ತಳ್ಳಿ ಏನೂ ಆಗುವುದಿಲ್ಲ. ನಿಲ್ಲಲು ಸಿಳ್ಳೆಯಿದೆ, ಒಳಗೆ ಹೋಗಲು ಸಿಳ್ಳೆಯಿಲ್ಲ. ಅಪ್ಪ ಅಂಥದ್ದನ್ನು ಕಲಿಸಲೇ ಇಲ್ಲ. ಯಾಕೆ ಕಲಿಸುತ್ತಾನೆ? ಈಗ ಹೊಸದಾಗಿ ಹುಟ್ಟಿಸಬೇಕು, ಅದೂ ಅವನೇ.

ತಮ್ಮ


ಜನವರಿ 6

ತಮ್ಮಾ,

ನಿನ್ನ ಕಾಗದ ಬರುವ ಮೊದಲೇ ಅಪ್ಪ ಎದ್ದಿದ್ದ.

ಅದೂ ಅವನದೇ ಲೆಕ್ಕದಲ್ಲಿ: ನಾನು ಹಿಂದಿನ ಕಾಗದ ಬರೆದ ಮೇಲೂ ಮೂರು ದಿನ ಕಂಬದ ಹತ್ತಿರ ಕೂತ, ನಾಲ್ಕನೆಯ ಬೆಳಗ್ಗೆ ಚಹಾ ಕುಡಿದು ಲೋಟ ಬೋರಲು ಹಾಕಿ ನೇರ ಹೊಲಕ್ಕೆ ನಡೆದ. ಬದುವಿನ ಮೇಲೆ ನಿಂತ. ಅವನ ಕಾಲೂ ನಿಂತಿತು ಕಣೋ. ದೊಡ್ಡಮ್ಮನ ಹಾಗೆಯೇ. ಎಪ್ಪತ್ತರ ಮುದುಕ, ಬೆಳೆದು ನಿಂತ ಪೈರಿನೊಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಮತ್ತೆ ಇಳಿದ. ತಣ್ಣೀರಿಗೆ ಇಳಿಯುವವನ ಹಾಗೆ ಒಂದೊಂದೇ ಹೆಜ್ಜೆ. ದೊಡ್ಡಮ್ಮ ಅಂಚಿನಲ್ಲಿ ನಿಂತು ಅರಚಿತು. ಅವನು ತಿರುಗಿ ನೋಡಲಿಲ್ಲ. ನಡುಹೊಲಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಎಲೆ ಮುಚ್ಚಿಕೊಂಡಿತು, ಅಪ್ಪ ಕಾಣೆ.

ದೊಡ್ಡಮ್ಮ ಕೂಗಿತು. ಉತ್ತರವಿಲ್ಲ. ಅಂಚಿನ ಉದ್ದಕ್ಕೂ ಓಡಾಡಿತು. ಮತ್ತೆ ಕೂಗಿತು. ಆಮೇಲೆ, ಅವನನ್ನು ಹುಡುಕಿಕೊಂಡು, ಒಳಗೆ ನುಗ್ಗಿತು. ಅದರ ಹಿಂದೆ ಹಿಂಡೆಲ್ಲ. ಎಲೆಗಳ ನಡುವಿನಿಂದ ಅಪ್ಪನ ದನಿ ಬಂತು: ‘ತಿನ್ನಿ, ತಿನ್ನಿ! ನಿಮ್ಮಪ್ಪನ ಹೊಲವೇನ್ರೇ ಅಂತ ಯಾವನಾದ್ರೂ ಕೇಳಿದ್ರೆ, ಹೌದು ಅನ್ನಿ!’ ಅವತ್ತು ಕಂಬಕ್ಕೆ ಕಟ್ಟುವಾಗ ಧಣಿ ಕೇಳಿದ್ದು ಅದೇ ಮಾತು. ನನಗೆ ನೆನಪಿದೆ. ನೀನು ನನ್ನ ಸೊಂಟದ ಮೇಲೆ ಕಿರುಚುತ್ತಿದ್ದೆ.

ಈಗ ಕುರಿಗಳು ಸಾಲು ಹಿಡಿದು ಮೇಯುತ್ತಿವೆ. ಅಗಲ ಎಲೆ ಮೊದಲು, ಸುಳಿ ಮುಟ್ಟುವುದಿಲ್ಲ. ಹೊಲದಲ್ಲಿ ಮಾತ್ರ ಈಗ ಬರೀ ದಂಟು, ಬರೀ ಹಿಕ್ಕೆ. ಮೊನ್ನೆ ಮಂಡಳಿಯ ಇನ್ಸ್‌ಪೆಕ್ಟರ್ ಬಂದು ಬೂಟು ಕೊಳೆಯಾಗದಂತೆ ದೂರ ನಿಂತು ‘ಬೆಳೆ ನಾಶ’ ಎಂದು ಬರೆದುಕೊಂಡು ಹೋದ. ಮಣ್ಣಿನ ಮೇಡಂ ವಾದ ಮಾಡಿದರು. ‘ನನಗೆ ಕಣ್ಣಿದೆ ಮೇಡಂ’ ಅಂದ. ಗುಡುಗಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಪ್ಪನಿಗೆ ಮಾತ್ರ ದಿನಾ ಚಹಾ ಕಳಿಸುತ್ತಾಳೆ, ನನಗಿಂತ ಹೆಚ್ಚು ಸಕ್ಕರೆ ಹಾಕಿ.

ಬೇಲಿಯ ವಿಷಯ ಓದಿದೆ. ಅದಕ್ಕೆ ನಾಚಿಕೆಪಡಬೇಕಾದವನು ನೀನಲ್ಲ, ಹಲಗೆ ಬರೆಸಿದವನು.

ಅಕ್ಕ


ಜನವರಿ 20

ಅಕ್ಕಾ,

ನಿನ್ನ ಕಾಗದವನ್ನು ಕುರಿಗಾರರೆಲ್ಲ ಸುತ್ತ ಕೂತು ಮತ್ತೆ ಮತ್ತೆ ಓದಿಸಿಕೊಂಡರು. ಒಬ್ಬ ಮುದುಕ ನಕ್ಕು ನಕ್ಕು ಕೆಮ್ಮಿದ, ಆಮೇಲೆ ಕಣ್ಣೊರೆಸಿಕೊಂಡ.

ಇಲ್ಲಿ ಕುರಿಗಳು ಮರಿ ಹಾಕುತ್ತಿವೆ. ತಾಯಿಗಳ ಕೆಚ್ಚಲಲ್ಲಿ ಹಾಲಿಲ್ಲ. ನಿನ್ನಲ್ಲಿ ಅಷ್ಟೊಂದು ಎಲೆಯಿದೆಯಲ್ಲ. ಉಳಿದ ಕುರಿಗಳನ್ನೂ ಲಾರಿಗೆ ಹತ್ತಿಸಿಕೊಂಡು ನಾನೇ ಬರುತ್ತೇನೆ, ಇನ್ನೊಂದು ತಿಂಗಳು ಮೇಯಲಿ. ತಿಂದಷ್ಟೂ ನೀರು ಉಳಿಯುತ್ತದೆ ಅಂತ ನೀನೇ ಬರೆದಿದ್ದೆ. ನಿನಗೂ ಲಾಭ, ನಮಗೂ ಪ್ರಾಣ. ಇಲ್ಲ ಅನ್ನಬೇಡ.

ತಮ್ಮ


ಫೆಬ್ರವರಿ 2

ತಮ್ಮಾ,

ಇಲ್ಲ.

ಬಾಯಿ ಬಿಟ್ಟು ಹೇಳಬೇಕಾದದ್ದನ್ನು ಹೇಳದೆ ಎರಡು ದಿನ ತಿರುಗಿ ಏನು ಕಳೆದುಕೊಂಡೆ ಅಂತ ಈಗಷ್ಟೇ ಕಲಿತಿದ್ದೇನೆ, ಅದಕ್ಕೆ ನಿನಗೆ ನೆಟ್ಟಗೆ ಹೇಳುತ್ತಿದ್ದೇನೆ.

ಮೇಡಂ ಮೊದಲೇ ಎಚ್ಚರಿಸಿದ್ದರು. ದಂಟನ್ನು ಉದ್ದಕ್ಕೆ ಸೀಳಿ ನೋಡುತ್ತಿರಿ, ಒಳಗೆ ಮೊಗ್ಗು ನೆಲದಿಂದ ಮೇಲೇಳಲು ಶುರುವಾದ ದಿನ ಕುರಿ ಹೊರಗಿರಬೇಕು. ಆಮೇಲೆ ತಿಂದರೆ ತಿನ್ನುವುದು ಎಲೆಯಲ್ಲ, ಹೂವು. ಹೂವು ಹೋದರೆ ಕಾಳು ಹೋಯಿತು, ಉಳಿಸಿದ ನೀರನ್ನು ಯಾರು ಕುಡಿಯಬೇಕು? ಮಂಗಳವಾರ ಸೀಳಿದೆ, ಮೊಗ್ಗು ಎದ್ದಿತ್ತು. ಅಪ್ಪನ ಹತ್ತಿರ ಹೋದೆ. ಅವನು ಹೊಲದ ನಡುವೆ ನಿಂತಿದ್ದ, ದೊಡ್ಡಮ್ಮನ ಬೆನ್ನ ಮೇಲೆ ಆ ತಿರುಚಿದ ಕೈಯಿಟ್ಟುಕೊಂಡು. ಅವನಿಗೆ ‘ಹೊರಗೆ ಹೋಗು’ ಅನ್ನಬೇಕು. ನಾನು. ಆ ಹೊಲದಲ್ಲಿ ನಿಂತು. ‘ಊಟ ಆಯ್ತಾ ಅಪ್ಪ?’ ಅಂತ ಕೇಳಿ ವಾಪಸ್ ಬಂದೆ. ಬುಧವಾರ ‘ಚಳಿ ಜಾಸ್ತಿ ಅಲ್ವಾ’ ಅಂದೆ.

ಗುರುವಾರ ಬೆಳಗ್ಗೆ ಅಪ್ಪನೇ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಸೀಳಿದ ದಂಟು. ಮೇಡಂ ಹೇಳುವಾಗ ಬದುವಿನ ಮೇಲೆ ಅವನೂ ಕೂತಿದ್ದನಲ್ಲ. ‘ಹೇಳೋಕೆ ಬಾಯಿ ಬರಲಿಲ್ವಾ? ಆ ಧಣಿಗಾದ್ರೆ ಬರ್ತಿತ್ತು ನೋಡು’ ಅಂದ. ನನಗೆ ಅಳು ಬಂತು, ಸಿಟ್ಟೂ ಬಂತು. ನೀನು ಬಿಟ್ಟು ಓದಿದ್ದ ಮಾತನ್ನು ನಾನೇ ಅವನಿಗೆ ಹೇಳಿಬಿಟ್ಟೆ: ಆ ಸಿಳ್ಳೆಯನ್ನು ಧಣಿಯ ಚಾಟಿ ಅಂದಿದ್ದೆ ಅಪ್ಪ, ಈಗ ಅದನ್ನೇ ಊದು ಅಂತ ಯಾವ ಮುಖದಲ್ಲಿ ಕೇಳಲಿ?

ಅಪ್ಪ ದಂಟನ್ನು ನನ್ನ ಕೈಗೆ ಕೊಟ್ಟ. ‘ಕಲಿಸಿದ್ದು ಅವನ ಏಟೇ. ಸುಳ್ಳಲ್ಲ. ಆದ್ರೆ ಬಾಯಿ ನಂದು. ಯಾವಾಗ ಊದ್ಬೇಕು, ಯಾರಿಗೋಸ್ಕರ ಊದ್ಬೇಕು, ನಾನು ನೋಡ್ಕೋತೀನಿ. ನೀನು ಅಡ್ಡ ನಿಲ್ಬೇಡ, ಪಕ್ಕಕ್ಕೆ ಬಾ.’

ಊದಿದ. ದೊಡ್ಡಮ್ಮ ತುಂಬಿದ ಬಾಯಲ್ಲೇ ತಲೆಯೆತ್ತಿತು, ತಿರುಗಿತು. ಅಷ್ಟು ದೊಡ್ಡ ಹಿಂಡು ಒಂದು ಎಲೆಯನ್ನೂ ಹೆಚ್ಚಿಗೆ ಕಚ್ಚದೆ ಅವನ ಹಿಂದೆ ಹೊರಗೆ ಬಂತು. ಗುಡುಗಮ್ಮ ಬದುವಿನಿಂದ ಇಳಿದು ದಾರಿ ಬಿಟ್ಟಳು. ನಾನು ಸುಮ್ಮನಿದ್ದ ಎರಡು ದಿನದಲ್ಲಿ ನೀರಿನ ತೊಟ್ಟಿಯ ಪಕ್ಕದ ಮೂಲೆಯಲ್ಲಿ ಮೊಗ್ಗೆಲ್ಲ ಹೋಗಿದೆ. ಆ ಮೂಲೆ ನನ್ನದು.

ಈಗ ನಿನಗೆ. ಹೊಲಕ್ಕೆ ಒಂದು ಕುರಿಯೂ ಇಲ್ಲ. ಆದರೆ ಎಸ್ಟೇಟಿನ ಹಿಂದೆ ದಿಬ್ಬದ ಬೀಳು ಇದೆ, ಮುಳ್ಳುಕಂಟಿ, ಒರಟು ಹುಲ್ಲು. ಅಪ್ಪ ಹಿಂಡನ್ನು ಅಲ್ಲಿಗೆ ಹತ್ತಿಸಿದ್ದಾನೆ. ಮರಿ ಹಾಕಿದ ತಾಯಿಗಳನ್ನು ಕಳಿಸು. ಸಂಘದಲ್ಲಿ ಕೇಳಿದೆ, ಈ ಸಲ ಎದ್ದು ಹೋದವರು ಇಬ್ಬರೇ.

ಅಕ್ಕ


ಮಾರ್ಚ್ 5

ಅಕ್ಕಾ,

ನಿನ್ನ ‘ಇಲ್ಲ’ ಓದಿ ಎರಡು ದಿನ ಬೈದೆ. ನಮ್ಮ ಬಾಯಿ ಬಳಸಿಕೊಂಡಳು, ಬಾಯಿ ಒರೆಸಿ ಕಳಿಸಿದಳು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಲಾರಿಗೆ ಮಾತ್ರ ತಾಯಿಗಳನ್ನು ಹತ್ತಿಸಿದೆ. ಹೊಟ್ಟೆಗೆ ಸಿಟ್ಟು ಗೊತ್ತಾಗುವುದಿಲ್ಲ.

ಕೆಲವು ಮರಿ ಉಳಿಯಲಿಲ್ಲ. ಹೆಚ್ಚಿನವು ಉಳಿದವು.

ಹೋದ ವಾರ ಅಪ್ಪ ಎಲ್ಲವನ್ನೂ ಕರೆದುಕೊಂಡು ಬಂದಿಳಿದ. ಕುರಿಗಳ ಬೆನ್ನು ಸವರಿದೆ, ಮೂಳೆ ಸಿಗಲಿಲ್ಲ. ಅಪ್ಪನ ಕಂಕುಳಲ್ಲಿ ಒಂದು ಹಳೆಯ ಚಾಪೆ ಇತ್ತು, ಅಂಚೆಲ್ಲ ಹರಿದದ್ದು. ‘ಗುಡುಗಮ್ಮ ಕೊಟ್ಟಳು’ ಅಂದ. ಮಾರನೆಯ ದಿನ ಅದನ್ನು ಒಯ್ದು ಹುಲ್ಲುಗಾವಲಿನ ಬೇಲಿಯ ಮುಂದೆ, ಆ ಹಲಗೆಯ ಕೆಳಗೇ ಹಾಸಿ ಕೂತ. ಯಾರನ್ನೂ ಕರೆಯಲಿಲ್ಲ. ಕಾವಲಿನವನು ‘ಯಜಮಾನ್ರೇ, ಇಲ್ಲಿ ಕೂರೋ ಹಾಗಿಲ್ಲ’ ಅಂದ. ಅಪ್ಪ, ‘ಒಳಗೆ ಹೋಗೋ ಹಾಗಿಲ್ಲ ಅಂತ ಬರೆದಿದೀರಿ. ಕೂರೋ ಹಾಗಿಲ್ಲ ಅಂತ ಇನ್ನೊಂದು ಹಲಗೆ ತನ್ನಿ, ಅಲ್ಲೀವರೆಗೂ ಕೂತಿರ್ತೀನಿ’ ಅಂದ.

ನಾನು ಮೂರನೆಯ ದಿನ ಹೋಗಿ ಪಕ್ಕ ಕೂತೆ. ಮೊದಲೇ ಹೋಗಬೇಕಿತ್ತು. ಈಗ ಚಾಪೆ ಸಾಲದೆ ಕಂಬಳಿ ಹಾಸಿದ್ದೇವೆ.

ಕಾಳಿನ ಸುದ್ದಿ ಬರಿ. ಅಪ್ಪ ದಿನಾ ಕೇಳುತ್ತಾನೆ.

ತಮ್ಮ


ಏಪ್ರಿಲ್ 20

ತಮ್ಮಾ,

ಇದನ್ನು ಅಪ್ಪನಿಗೆ ಒಂದು ಮಾತೂ ಬಿಡದೆ ಓದು.

ಕುರಿ ಹೊರಗೆ ಹೋದ ಮೇಲೆ ಒಂದು ಸಣ್ಣ ಹನಿ ಬಿತ್ತು, ಆಗ ಯೂರಿಯಾ ಕೊಟ್ಟೆವು. ದಂಟುಗಳು ಚಿಗುರಿದವು. ಪಕ್ಕದ ಹೊಲ ಮೊದಲೇ ಹಳದಿಯಾಯಿತು, ನಮ್ಮದು ಎಷ್ಟೋ ದಿನ ತಡವಾಗಿ. ಹೂವಿದ್ದಾಗ ಬೈರಿಗೆ ಇಳಿಸಿ ಸೊಂಟದಾಳದ ಮಣ್ಣು ತೆಗೆದೆ. ಹಿಂಡಿದೆ. ಉಂಡೆಯಾಯಿತು. ಆ ಉಂಡೆಯನ್ನು ಒಯ್ದು ಗುಡುಗಮ್ಮನ ಅಂಗೈಯಲ್ಲಿಟ್ಟೆ. ಅವಳು ಮತ್ತೊಮ್ಮೆ ಹಿಂಡಿ ನೋಡಿ, ‘ಒಳ್ಳೇದು’ ಅಂದಳು. ಡಿಸೆಂಬರ್ ಆದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

ಬಿಸಿಲು ಬಂತು. ಪಕ್ಕದ ಹೊಲ ನಿಂತಲ್ಲೇ ಬಾಡಿತು, ಅಷ್ಟೆತ್ತರದ ಗಿಡ, ಒಳಗೆ ಸೊಟ್ಟ ಕಾಯಿ, ಕಾಯಿಯೊಳಗೆ ಧೂಳಿನಂಥ ಕಾಳು. ಅವನು ನಕ್ಕದ್ದಕ್ಕೆ ಈಗ ನಾನು ನಗಬೇಕಿತ್ತು. ಅವನ ಹೊಲಕ್ಕೆ ಕೊಯ್ಲಿಗೆ ಬಂದು ಬರಿಗೈಯಲ್ಲಿ ಹೊರಟ ಕೂಲಿಯವರನ್ನು ನೋಡಿ ನಗು ಬರಲಿಲ್ಲ. ಅವರಲ್ಲಿ ಕೆಲವರು ನಮ್ಮ ಕೊಯ್ಲಿಗೆ ಬಂದರು.

ನಮ್ಮ ಕಾಳು ಕಪ್ಪಗೆ, ದುಂಡಗೆ, ಅಂಗೈಯಲ್ಲಿ ನಿಲ್ಲದೆ ಉರುಳುತ್ತದೆ. ಗೋದಾಮಿನಲ್ಲಿ ಮೂಟೆ ಏರಿಸುವಾಗ ಆ ಇನ್ಸ್‌ಪೆಕ್ಟರ್ ಬಂದ. ‘ಬೆಳೆ ನಾಶ’ ಅಂತ ಬರೆದಿದ್ದನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ‘ಅದು ಆಗಿನ ಪರಿಸ್ಥಿತಿ’ ಅಂದ. ಗುತ್ತಿಗೆ ಮುಂದುವರಿಯಿತು. ತೊಟ್ಟಿಯ ಪಕ್ಕದ ಮೂಲೆಯಲ್ಲಿ ಒಂದು ಹಿಡಿ ಕಾಳೂ ಇಲ್ಲ. ಅದನ್ನು ಉಳದೆ ಹಾಗೇ ಬಿಟ್ಟಿದ್ದೇನೆ, ಕಣ್ಣಿಗೆ ಬೀಳಲಿ.

ಮುಂದಿನ ಸಲ ಬೀಜ ತೆಳ್ಳಗೆ. ಚಳಿಗಾಲಕ್ಕೆ ಕುರಿ, ಮೊಗ್ಗಿಗೆ ಮೊದಲು ದಿಬ್ಬಕ್ಕೆ. ಇದನ್ನು ಕೇಳುತ್ತಿದ್ದೇನೆ, ಅಪ್ಪಣೆಯಲ್ಲ. ಬರ್ತೀರಾ?

ಅದಕ್ಕೂ ಮೊದಲು ನಾವು ಬರುತ್ತೇವೆ. ಸೋಮವಾರದ ಲಾರಿಗೆ, ಗುಡುಗಮ್ಮನೂ ಸೇರಿ. ಚಾಪೆಗಳು ನಮ್ಮವೇ ಇವೆ, ನೀವು ಕಂಬಳಿ ಸರಿಸಿ ಜಾಗ ಮಾಡಿ.

ಇನ್ನು ಅಪ್ಪನ ಪ್ರಶ್ನೆ. ತಡವಾಯಿತು.

ಅಪ್ಪಾ, ಕಂಬ ಕಲ್ಲಿಂದೇ. ಎಡಗಡೆಯದನ್ನು ಕಿತ್ತುಹಾಕೋಣ ಅಂತ ಹಾರೆ ತಂದಿದ್ದೆ. ನಿನ್ನ ಕುರಿಗಳು ಹೋಗಿ ಬರುವಾಗಲೆಲ್ಲ ಅದಕ್ಕೆ ಮೈ ಉಜ್ಜಿ ಉಜ್ಜಿ ತುರಿಕೆ ಕಳೆದುಕೊಂಡಿವೆ, ಸೊಂಟದೆತ್ತರದವರೆಗೂ ಉಣ್ಣೆ ಅಂಟಿದೆ. ದೊಡ್ಡಮ್ಮ ಬಂದಾಗ ಮತ್ತೆ ಬೇಕಾಗುತ್ತದೆ ಅಂತ ಹಾರೆ ಒಳಗಿಟ್ಟೆ.

ಗೇಟು ಕಬ್ಬಿಣದ್ದಿತ್ತು, ಕೀಲಿನಿಂದ ಕಳಚಿ ಹಾಕಿದೆವು. ಈಗ ಇಲ್ಲ.

ಅಕ್ಕ